ನುಣುಚಿಕೊಳ್ಳುವ ವಿದ್ಯೆ: ತಂತ್ರಜ್ಞಾನ ಕಂಪನಿಗಳ ಕೋರ್ಟು ಕಾಳಗದ ಒಂದು ಸಮೀಕ್ಷೆ

2007ರ ಜನವರಿ 24. ಅಮೆರಿಕದ ಸ್ಯಾನ್ ಡಿಯಾಗೊ ನಗರದ ಫೆಡರಲ್ ಕೋರ್ಟಿನಲ್ಲಿ ಕ್ವಾಲ್‌ಕಾಮ್ ಕಂಪನಿಯ ಎಂಜಿನಿಯರೊಬ್ಬರು ಸಾಕ್ಷಿ ನುಡಿಯುತ್ತಿದ್ದರು. ಎದುರಾಳಿ ಬ್ರಾಡ್‌ಕಾಮ್ ಪರ ವಕೀಲರು ಪಾಟೀಸವಾಲಿನಲ್ಲಿ ಕೇಳಿದ್ದು ತೀರ ಸಣ್ಣ ಪ್ರಶ್ನೆ. ವಿಡಿಯೊ ಮಾನದಂಡ ರೂಪಿಸುತ್ತಿದ್ದ ಸಮಿತಿಯ ಗುಂಪಿನಿಂದ ನಿಮಗೆ ಇ-ಮೇಲ್‌ಗಳು ಬಂದಿದ್ದವೇ? ಬಂದಿದ್ದವು ಎಂದು ಸಾಕ್ಷಿ ಒಪ್ಪಿಕೊಂಡರು. ಅಷ್ಟರಿಂದಲೇ ಮೊಕದ್ದಮೆಯ ದಿಕ್ಕು ಬದಲಾಯಿತು.

ಹಿನ್ನೆಲೆ ಇಷ್ಟು. ವಿಡಿಯೊವನ್ನು ಕುಗ್ಗಿಸಿ ಕಳಿಸುವ ಎಚ್.264 ಎಂಬ ಮಾನದಂಡವನ್ನು ಹಲವು ಕಂಪನಿಗಳ ತಜ್ಞರ ಸಮಿತಿ ರೂಪಿಸಿತ್ತು. ಅಂಥ ಸಮಿತಿಯಲ್ಲಿ ಕೂತವರು ತಮ್ಮ ಪೇಟೆಂಟ್‌ಗಳನ್ನು ಮೊದಲೇ ಬಹಿರಂಗಪಡಿಸಬೇಕು. ಸುಮ್ಮನಿದ್ದು, ಮಾನದಂಡ ಜಗತ್ತಿಗೆಲ್ಲ ಹಬ್ಬಿದ ಮೇಲೆ ರಾಯಧನ ಕೇಳುವಂತಿಲ್ಲ. 2005ರಲ್ಲಿ ಕ್ವಾಲ್‌ಕಾಮ್ ತನ್ನ ಎರಡು ಪೇಟೆಂಟ್‌ಗಳ ಹೆಸರಲ್ಲಿ ಬ್ರಾಡ್‌ಕಾಮ್ ಮೇಲೆ ದಾವೆ ಹೂಡಿತು. ಮಾನದಂಡ ಸಿದ್ಧವಾಗುತ್ತಿದ್ದ ಕಾಲದಲ್ಲಿ ತಾನು ಸಮಿತಿಯ ಕೆಲಸದಲ್ಲಿ ಪಾಲ್ಗೊಂಡಿರಲಿಲ್ಲ ಎಂದು ಮತ್ತೆ ಮತ್ತೆ ಹೇಳಿತು. ಆ ಜನವರಿಯ ಪಾಟೀಸವಾಲಿನ ನಂತರ, ಊಟದ ಬಿಡುವಿನಲ್ಲಿ 21 ಇ-ಮೇಲ್‌ಗಳು ಎದುರಾಳಿಯ ಕೈ ಸೇರಿದವು. ವಿಚಾರಣೆ ಮುಗಿದು ತಿಂಗಳುಗಳಾದ ಮೇಲೆ ಹೊರಬಂದ ದಾಖಲೆಗಳು 46 ಸಾವಿರಕ್ಕೂ ಹೆಚ್ಚು. ಬ್ರಾಡ್‌ಕಾಮ್‌ನ ವಕೀಲರ ವೆಚ್ಚವೆಂದು 85 ಲಕ್ಷ ಡಾಲರ್‌ಗೂ ಹೆಚ್ಚು ಹಣ ತೆರಬೇಕೆಂದು 2008ರ ಜನವರಿಯಲ್ಲಿ ಕೋರ್ಟು ಕ್ವಾಲ್‌ಕಾಮ್‌ಗೆ ಆದೇಶಿಸಿತು.

ತಂತ್ರಜ್ಞಾನ ಕಂಪನಿಗಳ ಜಗಳವೆಂದರೆ ಯಾರು ಯಾರ ಆವಿಷ್ಕಾರ ಕದ್ದರು ಎಂಬ ಪ್ರಶ್ನೆ ಎಂದುಕೊಳ್ಳುತ್ತೇವೆ. ಕಳೆದ ಇಪ್ಪತ್ತೈದು ವರ್ಷಗಳ ದೊಡ್ಡ ಮೊಕದ್ದಮೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇನ್ನೊಂದು ಪ್ರಶ್ನೆ ಮೇಲೆದ್ದು ಕಾಣುತ್ತದೆ. ಕೋರ್ಟು ಸತ್ಯವನ್ನು ತಲುಪದಂತೆ, ತಲುಪಿದರೂ ತಡವಾಗುವಂತೆ, ತೀರ್ಪು ಬಂದರೂ ಅದು ನೆಲಕ್ಕಿಳಿಯದಂತೆ ಏನೆಲ್ಲ ಮಾಡಲಾಯಿತು? ಈ ಲೇಖನ ಆ ತಂತ್ರಗಳ ಸಮೀಕ್ಷೆ. ನನ್ನ ಮಾತು ಒಂದೇ. ಈ ಉದ್ಯಮದಲ್ಲಿ ಕಾಲವೇ ಬಹುಮಾನ. ಹಾಗಾಗಿ ನುಣುಚಿಕೊಳ್ಳುವುದು ಎಲ್ಲಿಯವರೆಗೆ ಲಾಭದ ಬಾಬತ್ತಾಗಿರುತ್ತದೋ ಅಲ್ಲಿಯವರೆಗೆ ಅದು ನಿಲ್ಲುವುದಿಲ್ಲ.

ಕಾಲದ ಲೆಕ್ಕ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮಲ್ಲಿದೆ. ಜಮೀನಿನ ವ್ಯಾಜ್ಯಕ್ಕೆ ತಾಲ್ಲೂಕು ಕೋರ್ಟು ಅಲೆದವರ ಅನುಭವದಿಂದ ಹುಟ್ಟಿದ ಮಾತು ಅದು. ಅಲ್ಲಿ ವಾಯಿದೆಯ ಮೇಲೆ ವಾಯಿದೆ ಬಿದ್ದರೂ ಜಮೀನು ಇದ್ದಲ್ಲೇ ಇರುತ್ತದೆ. ಮೊಮ್ಮಗನ ಕಾಲಕ್ಕೆ ತೀರ್ಪು ಬಂದರೂ ಉಳಲು ಮಣ್ಣು ಉಳಿದಿರುತ್ತದೆ. ತಂತ್ರಜ್ಞಾನದಲ್ಲಿ ಹಾಗಿಲ್ಲ. ಆ್ಯಪಲ್ ಕಂಪನಿ ಸ್ಯಾಮ್‌ಸಂಗ್ ಮೇಲೆ ದಾವೆ ಹೂಡಿದ್ದು 2011ರ ಏಪ್ರಿಲ್‌ನಲ್ಲಿ. 2012ರ ಆಗಸ್ಟ್‌ನಲ್ಲಿ ಜ್ಯೂರಿ 105 ಕೋಟಿ ಡಾಲರ್ ಪರಿಹಾರ ಘೋಷಿಸಿತು. ನಂತರ ಮರುವಿಚಾರಣೆ, ಮೇಲ್ಮನವಿ, 2016ರಲ್ಲಿ ಸುಪ್ರೀಂ ಕೋರ್ಟು, 2018ರ ಮೇನಲ್ಲಿ ಇನ್ನೊಂದು ಜ್ಯೂರಿಯಿಂದ 53.9 ಕೋಟಿ ಡಾಲರ್‌ನ ಲೆಕ್ಕ, ಜೂನ್‌ನಲ್ಲಿ ರಾಜಿ. ಅಷ್ಟರಲ್ಲಿ ವ್ಯಾಜ್ಯದಲ್ಲಿದ್ದ ಫೋನುಗಳು ಅಂಗಡಿಗಳಿಂದ ಮರೆಯಾಗಿ ವರ್ಷಗಳೇ ಕಳೆದಿದ್ದವು.

ಜಾವಾ ಭಾಷೆಯ ಸುಮಾರು 11,500 ಸಾಲುಗಳ ಕುರಿತು ಒರಾಕಲ್ 2010ರಲ್ಲಿ ಗೂಗಲ್ ಮೇಲೆ ಹೂಡಿದ ದಾವೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೂಗಲ್ ಪರವಾಗಿ ಇತ್ಯರ್ಥವಾದದ್ದು 2021ರಲ್ಲಿ. ಈ ನಡುವೆ ಆಂಡ್ರಾಯ್ಡ್ ಜಗತ್ತಿನ ಬಹುಪಾಲು ಫೋನುಗಳ ಜೀವಾಳವಾಗಿತ್ತು. ಪ್ರಾಮಾಣಿಕ ಕಾನೂನು ಪ್ರಶ್ನೆಗಳೇ ಇಷ್ಟು ಕಾಲ ನುಂಗುವಾಗ, ಬೇಕೆಂದೇ ಎಳೆದರೆ ಏನಾದೀತು? ಮಾರುಕಟ್ಟೆಯಲ್ಲಿ ಎರಡು ವರ್ಷ ಮುಂದಿರುವುದೇ ಗೆಲುವಾಗಿರುವಾಗ, ಎರಡು ವರ್ಷದ ವಿಳಂಬಕ್ಕೆ ವಕೀಲರಿಗೆ ಕೊಡುವ ಹಣ ಕಂಪನಿಯ ಲೆಕ್ಕದಲ್ಲಿ ಖರ್ಚಲ್ಲ, ಹೂಡಿಕೆ. ಮುಂದೆ ಹೇಳುವ ಪ್ರತಿಯೊಂದು ತಂತ್ರದ ಬೇರೂ ಇಲ್ಲೇ ಇದೆ.

ಅಳಿಸಿಹಾಕುವುದು

ಅತ್ಯಂತ ಹಳೆಯ ತಂತ್ರ ಸಾಕ್ಷ್ಯವನ್ನೇ ಇಲ್ಲವಾಗಿಸುವುದು. ಮೆಮೊರಿ ಚಿಪ್ ತಂತ್ರಜ್ಞಾನದ ರ್‍ಯಾಂಬಸ್ ಕಂಪನಿಯ ಕಥೆ ಇದಕ್ಕೆ ಪಾಠದಂತಿದೆ. ಚಿಪ್ ತಯಾರಕರ ಮೇಲೆ ಪೇಟೆಂಟ್ ಯುದ್ಧ ಸಾರಲು ಯೋಜನೆ ಹಾಕುತ್ತಿದ್ದಾಗಲೇ ಅದು 1998ರಲ್ಲಿ ದಾಖಲೆ ನಿರ್ವಹಣೆಯ ಹೊಸ ನೀತಿ ತಂದಿತು. ಆ ಸೆಪ್ಟೆಂಬರ್‌ನಲ್ಲಿ ಕಚೇರಿಯಲ್ಲಿ ಕಾಗದ ಚೂರು ಮಾಡುವ ದಿನವೊಂದನ್ನು ಏರ್ಪಡಿಸಿ ಪೆಟ್ಟಿಗೆಗಟ್ಟಲೆ ಕಡತ ನಾಶ ಮಾಡಿದರು. ಇ-ಮೇಲ್‌ಗಳನ್ನು ಕಾಪಿಟ್ಟಿದ್ದ 1,269 ಬ್ಯಾಕಪ್ ಟೇಪುಗಳಲ್ಲಿ 1,268ನ್ನು ಅಳಿಸಿದರು. ಉಳಿದ ಒಂದನ್ನು ಯಾಕೆ ಇಟ್ಟುಕೊಂಡರು? ಕಂಪನಿಯ ಪೇಟೆಂಟ್‌ಗೆ ಮುಂಚಿನ ದಿನಾಂಕ ಸಾಬೀತು ಮಾಡಬಲ್ಲ ಕಡತವೊಂದು ಅದರಲ್ಲಿತ್ತು. ಹಳೆಯ ದಾಖಲೆ ವಿಲೇವಾರಿ ಮಾಡುವುದು ಯಾವ ಕಚೇರಿಯಲ್ಲೂ ಇರುವ ರೂಢಿ. ಆದರೆ ತನಗೆ ಬೇಕಾದ ಒಂದೇ ಟೇಪನ್ನು ಹುಡುಕಿ ಉಳಿಸಿಕೊಂಡದ್ದು ಇಡೀ ರೂಢಿಯ ಉದ್ದೇಶವನ್ನು ಬಯಲಿಗೆಳೆಯಿತು. 2011ರ ಮೇನಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಮೈಕ್ರಾನ್ ಕಂಪನಿಯ ವಿರುದ್ಧದ ವ್ಯಾಜ್ಯದಲ್ಲಿ ಇದು ಸಾಕ್ಷ್ಯನಾಶವೇ ಎಂದು ಎತ್ತಿಹಿಡಿಯಿತು.

ಕಾಗದದ ಕಾಲ ಹೋಗಿ ಇ-ಮೇಲ್ ಬಂದ ಮೇಲೆ ಅಳಿಸುವುದು ಯಂತ್ರದ ಕೆಲಸವಾಯಿತು. 2005ರಲ್ಲಿ ಎಎಂಡಿ ಕಂಪನಿ ಇಂಟೆಲ್ ಮೇಲೆ ಏಕಸ್ವಾಮ್ಯದ ದಾವೆ ಹೂಡಿದಾಗ ಇಂಟೆಲ್‌ನ ವ್ಯವಸ್ಥೆ 35 ದಿನಗಳಿಗೊಮ್ಮೆ ಇ-ಮೇಲ್ ಅಳಿಸುತ್ತಿತ್ತು. ವ್ಯಾಜ್ಯಕ್ಕೆ ಸಂಬಂಧಿಸಿದ್ದನ್ನು ನೌಕರರೇ ತಮ್ಮ ಕಂಪ್ಯೂಟರಿಗೆ ತೆಗೆದಿಟ್ಟುಕೊಳ್ಳಬೇಕೆಂದು ಹೇಳಲಾಗಿತ್ತು. ಹಲವರು ಹಾಗೆ ಮಾಡಿರಲಿಲ್ಲ ಎಂದು 2007ರಲ್ಲಿ ಇಂಟೆಲ್ ಕೋರ್ಟಿನ ಮುಂದೆ ಒಪ್ಪಿಕೊಂಡಿತು. 2009ರ ನವೆಂಬರ್‌ನಲ್ಲಿ 125 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಆ್ಯಪಲ್ ಜತೆಗಿನ ವ್ಯಾಜ್ಯದಲ್ಲಿ ಸ್ಯಾಮ್‌ಸಂಗ್‌ನ ಇ-ಮೇಲ್ ವ್ಯವಸ್ಥೆಯೂ ಎರಡು ವಾರಕ್ಕೊಮ್ಮೆ ಎಲ್ಲವನ್ನೂ ಅಳಿಸುತ್ತಿತ್ತು. ಅದಕ್ಕಾಗಿ ಸ್ಯಾಮ್‌ಸಂಗ್ ವಿರುದ್ಧ ಪ್ರತಿಕೂಲ ಊಹೆ ಮಾಡಬಹುದೆಂದು 2012ರ ಜುಲೈನಲ್ಲಿ ಆದೇಶವಾಯಿತು. ಆದರೆ ಆ್ಯಪಲ್ ಕೂಡ ಸಕಾಲದಲ್ಲಿ ಇ-ಮೇಲ್ ಉಳಿಸಿರಲಿಲ್ಲ ಎಂಬುದು ಹೊರಬಿದ್ದು, ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆಂದು ನ್ಯಾಯಾಧೀಶೆ ಲೂಸಿ ಕೊ ಆ ಆದೇಶವನ್ನು ಬದಲಿಸಿದರು. ಆರೋಪಿಸುವವರ ಮನೆಯೂ ಹಲವೊಮ್ಮೆ ಅಷ್ಟೇ ಅಸ್ತವ್ಯಸ್ತವಾಗಿರುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಈಗಿನ ರೂಪ ಚಾಟ್ ಸಂದೇಶದ್ದು. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿ 2020ರ ಆಗಸ್ಟ್‌ನಲ್ಲಿ ಗೂಗಲ್ ಮೇಲೆ ದಾವೆ ಹೂಡಿತು. ಗೂಗಲ್‌ನಲ್ಲಿ ಇಬ್ಬರು ನೌಕರರ ನಡುವಿನ ಚಾಟ್ 24 ಗಂಟೆಗಳಲ್ಲಿ ತಾನಾಗಿ ಅಳಿಯುವಂತೆ ಇತ್ತು. ದಾವೆ ಬಿದ್ದ ಮೇಲೂ ಯಾವ ಮಾತು ಉಳಿಸಬೇಕು, ಯಾವುದು ಬೇಡ ಎಂಬ ನಿರ್ಧಾರವನ್ನು ಒಬ್ಬೊಬ್ಬ ನೌಕರನ ವಿವೇಕಕ್ಕೆ ಬಿಡಲಾಗಿತ್ತು. ಸೂಕ್ಷ್ಮ ವಿಷಯ ಬಂದಾಗ ಇತಿಹಾಸ ಉಳಿಯದ ಚಾಟ್‌ಗೆ ಹೋಗೋಣ ಎಂದು ನೌಕರರು ಒಬ್ಬರಿಗೊಬ್ಬರು ಹೇಳಿಕೊಂಡದ್ದು ಉಳಿದ ದಾಖಲೆಗಳಲ್ಲೇ ಸಿಕ್ಕಿತು. ನ್ಯಾಯಾಧೀಶ ಜೇಮ್ಸ್ ಡೊನಾಟೊ ಇದನ್ನು ಗಂಭೀರವಾಗಿ ತೆಗೆದುಕೊಂಡರು. ಅಳಿಸಿದ ಚಾಟ್‌ಗಳಲ್ಲಿ ಗೂಗಲ್‌ಗೆ ವಿರುದ್ಧವಾದದ್ದೇ ಇತ್ತೆಂದು ನೀವು ಊಹಿಸಬಹುದು ಎಂದು ಜ್ಯೂರಿಗೆ ಹೇಳಿದರು. 2023ರ ಡಿಸೆಂಬರ್ 11ರಂದು ಜ್ಯೂರಿ ಒಮ್ಮತದಿಂದ ಎಪಿಕ್ ಪರ ನಿಂತಿತು.

ಅಳಿಸುವ ಅಭ್ಯಾಸ ಅನುಮಾನವನ್ನು ಎಷ್ಟು ಬೆಳೆಸುತ್ತದೆ ಎಂಬುದನ್ನು ವೇಮೊ ಮತ್ತು ಊಬರ್ ನಡುವಿನ ಮೊಕದ್ದಮೆ ತೋರಿಸಿತು. ಗೂಗಲ್ ಕುಟುಂಬದ ವೇಮೊ, ತನ್ನ ಮಾಜಿ ಎಂಜಿನಿಯರ್ 14 ಸಾವಿರ ಕಡತ ಇಳಿಸಿಕೊಂಡು ಊಬರ್ ಸೇರಿದರೆಂದು 2017ರ ಫೆಬ್ರುವರಿಯಲ್ಲಿ ದೂರಿತು. ವಿಚಾರಣೆ ಇನ್ನೇನು ಶುರುವಾಗಬೇಕು ಎನ್ನುವಾಗ, ಊಬರ್‌ನ ಮಾಜಿ ಭದ್ರತಾ ಅಧಿಕಾರಿಯೊಬ್ಬರ ಪರವಾಗಿ ಬರೆದಿದ್ದ 37 ಪುಟದ ಪತ್ರವೊಂದು ಸರ್ಕಾರಿ ವಕೀಲರ ಮೂಲಕ ಕೋರ್ಟಿಗೆ ತಲುಪಿತು. ತಾನಾಗಿ ಮಾಯವಾಗುವ ಸಂದೇಶಗಳನ್ನು, ಕಂಪನಿಯ ಹೆಸರಿಗೆ ಅಂಟದ ಸಾಧನಗಳನ್ನು ಬಳಸಲಾಗುತ್ತಿತ್ತು ಎಂಬ ಆರೋಪ ಅದರಲ್ಲಿತ್ತು. ಈ ಪತ್ರ ಎದುರಾಳಿಗೆ ಮೊದಲೇ ಸಿಗಬೇಕಿತ್ತು. ನ್ಯಾಯಾಧೀಶ ವಿಲಿಯಂ ಆಲ್ಸಪ್ ವಿಚಾರಣೆಯನ್ನೇ ಮುಂದೂಡಿದರು. 2018ರ ಫೆಬ್ರುವರಿಯಲ್ಲಿ ಊಬರ್ ತನ್ನ ಶೇ. 0.34ರಷ್ಟು ಷೇರು ಕೊಟ್ಟು ರಾಜಿ ಮಾಡಿಕೊಂಡಿತು. ಆಗ ಅದರ ಬೆಲೆ ಸುಮಾರು 24.5 ಕೋಟಿ ಡಾಲರ್.

ವಕೀಲರ ಹೆಸರಿನ ಮರೆ

ಕಕ್ಷಿದಾರ ತನ್ನ ವಕೀಲನೊಂದಿಗೆ ಆಡಿದ ಮಾತನ್ನು ಕೋರ್ಟೂ ಕೇಳುವಂತಿಲ್ಲ. ಇದು ನ್ಯಾಯದ ಬುನಾದಿಗಳಲ್ಲಿ ಒಂದು. ಆ ರಕ್ಷಣೆ ಇಲ್ಲದಿದ್ದರೆ ಯಾರೂ ವಕೀಲರ ಮುಂದೆ ನಿಜ ಬಿಚ್ಚಿಡುವುದಿಲ್ಲ. ಅದು ಅಮೂಲ್ಯವಾದದ್ದರಿಂದಲೇ ಅದರ ದುರುಪಯೋಗ ನೋವುಂಟುಮಾಡುತ್ತದೆ.

ಒರಾಕಲ್ ಮೊಕದ್ದಮೆಯಲ್ಲಿನ ಒಂದು ಇ-ಮೇಲ್ ಕಥೆಯನ್ನು ಹತ್ತಿರದಿಂದ ನೋಡಬೇಕು. 2010ರ ಆಗಸ್ಟ್‌ನಲ್ಲಿ, ದಾವೆ ಬೀಳುವ ಕೆಲವೇ ದಿನ ಮುಂಚೆ, ಗೂಗಲ್‌ನ ಒಬ್ಬ ಎಂಜಿನಿಯರ್ ತಮ್ಮ ಮೇಲಧಿಕಾರಿಗೆ ಬರೆದರು. ಆಂಡ್ರಾಯ್ಡ್‌ಗೆ ಜಾವಾ ಬಿಟ್ಟರೆ ಬೇರೆ ದಾರಿ ಏನಿದೆ ಎಂದು ಸಂಸ್ಥಾಪಕರು ನೋಡಹೇಳಿದ್ದರು, ನೋಡಿದ್ದಾಯಿತು, ಯಾವುದೂ ಕೆಲಸಕ್ಕೆ ಬಾರದು, ಜಾವಾಕ್ಕೆ ಪರವಾನಗಿ ಪಡೆಯುವುದೇ ಸರಿ ಎಂಬುದು ಅದರ ಸಾರ. ಕಳಿಸಿದ ಅಂತಿಮ ಪ್ರತಿಯಲ್ಲಿ ವಕೀಲರ ವಿಳಾಸವಿತ್ತು, ಇದು ವಕೀಲರ ಕೆಲಸದ ಭಾಗ ಎಂಬ ಒಕ್ಕಣೆಯಿತ್ತು. ಆದರೆ ಟೈಪ್ ಮಾಡುತ್ತಿದ್ದಂತೆ ಯಂತ್ರ ತಾನಾಗಿ ಉಳಿಸಿಕೊಂಡಿದ್ದ ಕರಡುಗಳಲ್ಲಿ ಆ ಒಕ್ಕಣೆಯಾಗಲಿ ವಿಳಾಸವಾಗಲಿ ಇನ್ನೂ ಸೇರಿರಲಿಲ್ಲ. ಹಾಗಾಗಿ ಗೌಪ್ಯ ಪತ್ರಗಳನ್ನು ಬೇರ್ಪಡಿಸುವ ಜರಡಿಗೆ ಅವು ಸಿಕ್ಕಲಿಲ್ಲ. ಕರಡುಗಳು ಒರಾಕಲ್ ಕೈ ಸೇರಿದವು. ಗೂಗಲ್ ವಾಪಸ್ ಕೇಳಿತು. ಕೆಳಗಿನ ಕೋರ್ಟೂ ಒಪ್ಪಲಿಲ್ಲ, 2012ರಲ್ಲಿ ಫೆಡರಲ್ ಸರ್ಕ್ಯೂಟ್ ಕೋರ್ಟೂ ಒಪ್ಪಲಿಲ್ಲ. ಪತ್ರದಲ್ಲಿ ಕೇಳಿದ್ದು ಕಾನೂನು ಸಲಹೆಯಲ್ಲ, ಹೇಳಿದ್ದು ವ್ಯವಹಾರದ ಮಾತು ಎಂಬುದು ಕಾರಣ. ವಕೀಲರ ಹೆಸರನ್ನು ಸೇರಿಸಿದ ಮಾತ್ರಕ್ಕೆ ಪತ್ರದ ಸ್ವಭಾವ ಬದಲಾಗದು.

ಕೊನೆಯಲ್ಲಿ ಗೂಗಲ್ ಗೆದ್ದಿತು ಎಂಬುದನ್ನೂ ಮರೆಯಬಾರದು. ಮುಚ್ಚಿಡಲು ಹೊರಟವರೆಲ್ಲ ತಪ್ಪಿತಸ್ಥರೇ ಆಗಿರುವುದಿಲ್ಲ. ಆದರೆ ಮುಚ್ಚುವ ಪ್ರಯತ್ನ ನ್ಯಾಯಬದ್ಧ ವಾದದ ಮೇಲೂ ಕಲೆ ಉಳಿಸುತ್ತದೆ. ಈ ಪಾಠವನ್ನು ಗೂಗಲ್ ಕಲಿತಂತೆ ಕಾಣಲಿಲ್ಲ. ಸುಮ್ಮನೆ ವಕೀಲರೊಬ್ಬರನ್ನು ಇ-ಮೇಲ್‌ಗೆ ಸೇರಿಸುವ ಅಭ್ಯಾಸದ ಬಗ್ಗೆ ಎಪಿಕ್ ಮೊಕದ್ದಮೆಯಲ್ಲಿ ಮತ್ತೆ ಚರ್ಚೆಯಾಯಿತು. ಸರ್ಕಾರವೇ ಹೂಡಿದ್ದ ಜಾಹೀರಾತು ಮಾರುಕಟ್ಟೆ ಮೊಕದ್ದಮೆಯಲ್ಲೂ ನ್ಯಾಯಾಧೀಶೆ ಲಿಯೋನಿ ಬ್ರಿಂಕೆಮಾ 2025ರ ಏಪ್ರಿಲ್‌ನ ತೀರ್ಪಿನಲ್ಲಿ ಇದನ್ನು, ಚಾಟ್ ಅಳಿಸಿದ್ದನ್ನು ಸೇರಿಸಿ, ಕಟುವಾಗಿ ಟೀಕಿಸಿದರು.

ಆರೋಪ ಹೊರಿಸಿ ವಿವರ ಬಚ್ಚಿಡುವುದು

ನುಣುಚಿಕೊಳ್ಳುವವರು ಪ್ರತಿವಾದಿಗಳೇ ಆಗಬೇಕಿಲ್ಲ. 2003ರ ಮಾರ್ಚ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ಎಸ್‌ಸಿಒ ಎಂಬ ಕಂಪನಿ ಐಬಿಎಂ ಮೇಲೆ 100 ಕೋಟಿ ಡಾಲರ್ ದಾವೆ ಹೂಡಿ, ಮುಂದೆ ಅದನ್ನು 500 ಕೋಟಿಗೆ ಏರಿಸಿತು. ತನ್ನದಾದ ಯುನಿಕ್ಸ್‌ನ ಕೋಡನ್ನು ಐಬಿಎಂ ಮುಕ್ತ ತಂತ್ರಾಂಶವಾದ ಲಿನಕ್ಸ್‌ಗೆ ಸೇರಿಸಿದೆ ಎಂಬುದು ಆರೋಪ. ಲಿನಕ್ಸ್ ಬಳಸುವ ಕಂಪನಿಗಳಿಗೆ ಸರ್ವರ್ ಒಂದಕ್ಕೆ 699 ಡಾಲರ್ ಪರವಾನಗಿ ಮಾರಲೂ ಹೊರಟಿತು. ಯಾವ ಕಡತದ ಯಾವ ಸಾಲು ಕದ್ದದ್ದು, ತೋರಿಸಿ ಎಂದು ಐಬಿಎಂ ಕೇಳಿತು. ಕೋರ್ಟು ಎರಡು ಬಾರಿ ಆದೇಶಿಸಿತು. ಸ್ಪಷ್ಟ ಉತ್ತರ ಬರಲಿಲ್ಲ.

2006ರ ಜೂನ್‌ನಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶೆ ಬ್ರೂಕ್ ವೆಲ್ಸ್ ಒಂದು ಹೋಲಿಕೆ ಕೊಟ್ಟರು. ಅಂಗಡಿಯಿಂದ ಹೊರಬರುವವನನ್ನು ತಡೆದು ನೀನು ಕದ್ದಿದ್ದೀಯ ಎನ್ನುತ್ತಾರೆ. ಏನು ಕದ್ದೆ ಎಂದು ಆತ ಕೇಳಿದರೆ ಅಂಗಡಿಯ ಸರಕು ಪಟ್ಟಿಯ ಪುಸ್ತಕವನ್ನು ಕೈಗಿಟ್ಟು, ಇದರಲ್ಲೆಲ್ಲೋ ಇದೆ, ನೀನೇ ಹುಡುಕಿಕೋ ಎನ್ನುತ್ತಾರೆ. ಇದು ನ್ಯಾಯವೇ? ಎಸ್‌ಸಿಒ ಮುಂದಿಟ್ಟ ಆರೋಪದ ಅಂಶಗಳಲ್ಲಿ ಐಬಿಎಂ ಆಕ್ಷೇಪಿಸಿದ್ದವುಗಳ ಬಹುಪಾಲು ಅಲ್ಲಿಗೇ ಬಿದ್ದುಹೋದವು. 2007ರಲ್ಲಿ ಯುನಿಕ್ಸ್ ಹಕ್ಕುಸ್ವಾಮ್ಯವೇ ತನ್ನದಲ್ಲ, ನೊವೆಲ್ ಕಂಪನಿಯದು ಎಂಬ ತೀರ್ಪು ಬಂದು ಎಸ್‌ಸಿಒ ದಿವಾಳಿ ಅರ್ಜಿ ಸಲ್ಲಿಸಿತು. ಆದರೂ ಮೊಕದ್ದಮೆಯ ಕೊನೆಯ ಎಳೆ ಕತ್ತರಿಸಿದ್ದು 2021ರಲ್ಲಿ, ಐಬಿಎಂ 1.425 ಕೋಟಿ ಡಾಲರ್ ಕೊಟ್ಟು ರಾಜಿಯಾದಾಗ. ಹದಿನೆಂಟು ವರ್ಷ. ಸಾಲು ತೋರಿಸದ ಆರೋಪವೊಂದು ಸ್ವಯಂಪ್ರೇರಿತರಾಗಿ ತಂತ್ರಾಂಶ ಬರೆಯುವ ಸಾವಿರಾರು ಮಂದಿಯ ತಲೆಯ ಮೇಲೆ ಆ ಕಾಲದ ಬಹುಭಾಗ ತೂಗುತ್ತಿತ್ತು.

ಕೋರ್ಟಿನಿಂದ ಕೋರ್ಟಿಗೆ

ಇನ್ನೊಂದು ದಾರಿ ತನಗೆ ಹೊಂದುವ ಊರನ್ನು ಹುಡುಕುವುದು. ಟೆಕ್ಸಾಸ್‌ನ ಮಾರ್ಷಲ್ ಎಂಬ ಸಣ್ಣ ಪಟ್ಟಣವನ್ನೂ ಒಳಗೊಂಡ ಪೂರ್ವ ಜಿಲ್ಲೆಯ ಕೋರ್ಟಿನಲ್ಲಿ 2015ರಲ್ಲಿ ಇಡೀ ಅಮೆರಿಕದ ಪೇಟೆಂಟ್ ದಾವೆಗಳ ಶೇ. 40ಕ್ಕೂ ಹೆಚ್ಚು ದಾಖಲಾದವು. ಸ್ಯಾಮ್‌ಸಂಗ್ ಅಲ್ಲಿನ ಕೋರ್ಟಿನ ಎದುರೇ ಊರವರಿಗಾಗಿ ಐಸ್ ಸ್ಕೇಟಿಂಗ್ ಅಂಗಳಕ್ಕೆ ಪ್ರಾಯೋಜಕತ್ವ ಕೊಟ್ಟಿತ್ತು. 2017ರ ಮೇನಲ್ಲಿ ಸುಪ್ರೀಂ ಕೋರ್ಟು ದಾವೆ ಹೂಡಬಹುದಾದ ಜಾಗವನ್ನು ಬಿಗಿಗೊಳಿಸಿತು. ಪ್ರತಿವಾದಿಗೆ ಆ ಜಿಲ್ಲೆಯಲ್ಲಿ ನೆಲೆ ಇರಬೇಕೆಂದಾಯಿತು. 2019ರ ಏಪ್ರಿಲ್‌ನಲ್ಲಿ ಆ್ಯಪಲ್ ಆ ಜಿಲ್ಲೆಯ ಎರಡೂ ಮಳಿಗೆ ಮುಚ್ಚಿ, ಗಡಿಯಾಚೆಯ ಡಲ್ಲಾಸ್‌ನಲ್ಲಿ ಹೊಸದನ್ನು ತೆರೆಯಿತು. ಪೇಟೆಂಟ್ ದಾವೆಗಳಿಂದ ದೂರ ಸರಿಯುವ ಹೆಜ್ಜೆ ಎಂದೇ ಅದನ್ನು ಎಲ್ಲರೂ ಅರ್ಥಮಾಡಿಕೊಂಡರು.

ಊರುಗಳ ಆಟ ದೇಶಗಳ ಆಟವಾದಾಗ ಕೋರ್ಟುಗಳೇ ಪರಸ್ಪರ ಎದುರಾಗುತ್ತವೆ. ಮೊಟೊರೋಲಾ ಜರ್ಮನಿಯಲ್ಲಿ ಮೈಕ್ರೋಸಾಫ್ಟ್ ವಿರುದ್ಧ ತಡೆಯಾಜ್ಞೆ ಪಡೆಯಲು ಹೊರಟಾಗ, ಅದನ್ನು ಜಾರಿ ಮಾಡಬಾರದೆಂದು 2012ರ ಏಪ್ರಿಲ್‌ನಲ್ಲಿ ಸಿಯಾಟಲ್‌ನ ಕೋರ್ಟು ಮೊಟೊರೋಲಾಕ್ಕೆ ಹೇಳಿತು. ಬೇರೆ ದೇಶದಲ್ಲಿ ದಾವೆ ನಡೆಸಬೇಡ ಎನ್ನುವ ಈ ಆಯುಧ ಎಂಟು ವರ್ಷಗಳ ನಂತರ ದೆಹಲಿಯ ಬಾಗಿಲಿಗೂ ಬಂತು. ಮೊಬೈಲ್ ಸಂಪರ್ಕದ ಪೇಟೆಂಟ್‌ಗಳಿರುವ ಇಂಟರ್‌ಡಿಜಿಟಲ್ ಕಂಪನಿ 2020ರ ಜುಲೈನಲ್ಲಿ ಶಓಮಿ ಮೇಲೆ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿತ್ತು. ಶಓಮಿ ಅದಕ್ಕೂ ಮುನ್ನ ಚೀನಾದ ವುಹಾನ್ ಕೋರ್ಟಿಗೆ ಹೋಗಿತ್ತು. ಸೆಪ್ಟೆಂಬರ್ 23ರಂದು ವುಹಾನ್ ಕೋರ್ಟು ಇಂಟರ್‌ಡಿಜಿಟಲ್‌ನ ಮಾತು ಕೇಳದೆಯೇ, ದೆಹಲಿಯ ದಾವೆಯನ್ನು ಮುಂದುವರಿಸಬಾರದು, ಮೀರಿದರೆ ದಿನಕ್ಕೆ 10 ಲಕ್ಷ ಯುವಾನ್ ದಂಡ ಎಂದಿತು.

ದೆಹಲಿ ಹೈಕೋರ್ಟು ಮಣಿಯಲಿಲ್ಲ. ಭಾರತದ ಪೇಟೆಂಟ್ ಉಲ್ಲಂಘನೆಯಾಯಿತೇ ಎಂಬುದನ್ನು ಕೇಳುವ ಅಧಿಕಾರ ಭಾರತದ ಕೋರ್ಟಿಗೇ ಇರುವಾಗ, ಆ ಬಾಗಿಲನ್ನು ಇನ್ನೊಂದು ದೇಶದ ಕೋರ್ಟು ಮುಚ್ಚುವಂತಿಲ್ಲ ಎಂದು ನ್ಯಾಯಮೂರ್ತಿ ಸಿ. ಹರಿಶಂಕರ್ ವುಹಾನ್ ಆದೇಶದ ಜಾರಿಗೆ ಅಕ್ಟೋಬರ್ 9ರಂದು ತಡೆ ಕೊಟ್ಟರು. 2021ರ ಮೇ 3ರಂದು ಅದನ್ನೇ ಕಾಯಂಗೊಳಿಸಿದರು. ವುಹಾನ್‌ನಲ್ಲಿ ಇಂಟರ್‌ಡಿಜಿಟಲ್ ದಂಡ ಕಟ್ಟಬೇಕಾಗಿ ಬಂದರೆ ಅಷ್ಟೇ ಹಣವನ್ನು ಶಓಮಿ ಇಲ್ಲಿ ತುಂಬಿಕೊಡಬೇಕು ಎಂಬ ಷರತ್ತು ಆ ತಂತ್ರದ ಲಾಭವನ್ನೇ ತೆಗೆದುಹಾಕಿತು. ಎರಡೂ ಕಂಪನಿಗಳು ಆ ಆಗಸ್ಟ್‌ನಲ್ಲಿ ರಾಜಿಯಾದವು.

ಪಾಲಿಸಿದಂತೆ ತೋರಿಸುವುದು

ಕೊನೆಯ ತಂತ್ರ ತೀರ್ಪು ಬಂದ ನಂತರದ್ದು. ಎಪಿಕ್ ಗೇಮ್ಸ್ ಆ್ಯಪಲ್ ಮೇಲೆ ಹೂಡಿದ್ದ ದಾವೆಯಲ್ಲಿ ಬಹುತೇಕ ಅಂಶಗಳಲ್ಲಿ ಆ್ಯಪಲ್ ಗೆದ್ದಿತ್ತು. ಒಂದು ವಿಷಯದಲ್ಲಿ ಸೋತಿತು. ಆ್ಯಪ್ ತಯಾರಕರು ಗ್ರಾಹಕರಿಗೆ ಹೊರಗಿನ ಅಗ್ಗದ ಪಾವತಿಯ ದಾರಿ ತೋರಿಸುವುದನ್ನು ತಡೆಯಬಾರದೆಂದು ನ್ಯಾಯಾಧೀಶೆ ಇವಾನ್ ಗೊನ್ಜಾಲೆಜ್ ರೋಜರ್ಸ್ 2021ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದರು. 2024ರ ಜನವರಿ 16ರಂದು ಸುಪ್ರೀಂ ಕೋರ್ಟು ಮಧ್ಯಪ್ರವೇಶಿಸಲು ನಿರಾಕರಿಸಿದ್ದರಿಂದ ಆದೇಶ ಜಾರಿಗೆ ಬಂತು.

ಆ್ಯಪಲ್ ಕೊಂಡಿ ಹಾಕಲು ಬಿಟ್ಟಿತು. ಆದರೆ ಆ ಕೊಂಡಿ ಒತ್ತಿ ಏಳು ದಿನದೊಳಗೆ ಹೊರಗೆ ಮಾಡಿದ ಖರೀದಿಗೂ ಶೇ. 27 ಕಮಿಷನ್ ಕೇಳಿತು. ಒಳಗಿನ ಪಾವತಿಗೆ ಶೇ. 30 ಇತ್ತು. ಹೊರಗೆ ಹಣ ಸ್ವೀಕರಿಸಲು ಕಾರ್ಡ್ ಸಂಸ್ಥೆಗೆ ಕೊಡುವ ಶುಲ್ಕವನ್ನು ಈ 27ಕ್ಕೆ ಕೂಡಿದರೆ ತಯಾರಕನಿಗೆ ಉಳಿತಾಯವೇನೂ ಇಲ್ಲ. ಕೊಂಡಿ ಒತ್ತಿದವರ ಮುಂದೆ ತೆರೆತುಂಬ ಎಚ್ಚರಿಕೆಯೊಂದು ಬರುತ್ತಿತ್ತು. ಅದರ ಪದಗಳು ಎಷ್ಟು ಭಯ ಹುಟ್ಟಿಸಬೇಕೆಂದು ನೌಕರರು ಚರ್ಚಿಸಿದ್ದು, ಹೊರಗಿನ ವೆಬ್‌ಸೈಟ್ ಎಂದರೆ ಹೆದರಿಕೆಯಾಗುತ್ತದೆ, ಮೇಲಿನವರಿಗೆ ಇಷ್ಟವಾಗುತ್ತದೆ ಎಂದು ಮಾತಾಡಿಕೊಂಡದ್ದು ಕೋರ್ಟಿನ ದಾಖಲೆ ಸೇರಿತು.

ಈ ಸತ್ಯ ಹೊರಬರಲೂ ಹೋರಾಟ ಬೇಕಾಯಿತು. ಪರಿಶೀಲಿಸಬೇಕಾದ ದಾಖಲೆಗಳು ಸುಮಾರು 13 ಲಕ್ಷವಾಗಿವೆ ಎಂದು ಆ್ಯಪಲ್ ಗಡುವಿನ ಹೊಸ್ತಿಲಲ್ಲಿ ಹೆಚ್ಚಿನ ಕಾಲ ಕೇಳಿತು. ಮ್ಯಾಜಿಸ್ಟ್ರೇಟ್ ಕೊಡಲಿಲ್ಲ. ವಕೀಲರ ಗೌಪ್ಯತೆಯ ಹೆಸರಲ್ಲಿ ತಡೆಹಿಡಿದ ಕಡತಗಳನ್ನು ಮತ್ತೆ ನೋಡಿ ಎಂದಾಗ ಅವುಗಳಲ್ಲಿ ದೊಡ್ಡ ಭಾಗವನ್ನು ಆ್ಯಪಲ್ ತಾನೇ ಬಿಟ್ಟುಕೊಟ್ಟಿತು. ಶುಲ್ಕವನ್ನು 2024ರ ಜನವರಿ 16ರವರೆಗೆ ನಿರ್ಧರಿಸಿಯೇ ಇರಲಿಲ್ಲ ಎಂದು ಹಣಕಾಸು ವಿಭಾಗದ ಉಪಾಧ್ಯಕ್ಷರು ಪ್ರಮಾಣ ಮಾಡಿ ಹೇಳಿದ್ದರು. ನಿರ್ಧಾರ 2023ರ ಜುಲೈನಲ್ಲೇ ಆಗಿತ್ತೆಂದು ಕಡತಗಳು ಹೇಳಿದವು. 2025ರ ಏಪ್ರಿಲ್ 30ರಂದು ನ್ಯಾಯಾಧೀಶೆ ಇದು ನ್ಯಾಯಾಂಗ ನಿಂದನೆ ಎಂದರು, ಪ್ರಮಾಣ ಮಾಡಿ ಸುಳ್ಳಾಡಲಾಗಿದೆ ಎಂದರು, ಕ್ರಿಮಿನಲ್ ಕ್ರಮ ಯೋಗ್ಯವೇ ಎಂದು ನೋಡಲು ವಿಷಯವನ್ನು ಸರ್ಕಾರಿ ವಕೀಲರಿಗೆ ಒಪ್ಪಿಸಿದರು. ಕೋರ್ಟಿನ ಆದೇಶ ಚೌಕಾಸಿಗೆ ಇಟ್ಟದ್ದಲ್ಲ ಎಂಬ ಅವರ ಮಾತು ಈ ಇಡೀ ಸಮೀಕ್ಷೆಗೆ ಸಲ್ಲುವಂಥದ್ದು.

ನಮ್ಮ ಅಂಗಳದಲ್ಲಿ

ಇದೆಲ್ಲ ದೂರದ ಮಾತಲ್ಲ. ಎರಿಕ್ಸನ್ ಮತ್ತು ಲಾವಾ ಕಂಪನಿಗಳ ಪೇಟೆಂಟ್ ವ್ಯಾಜ್ಯ 2015ರಲ್ಲಿ ಶುರುವಾಗಿ, ದೆಹಲಿ ಹೈಕೋರ್ಟಿನ ತೀರ್ಪು ಬಂದದ್ದು 2024ರ ಮಾರ್ಚ್‌ನಲ್ಲಿ. ಲಾವಾ 244 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಾಯಿತು. ಬೆಂಗಳೂರಿನ ಇನ್ಫೊಸಿಸ್ ಮತ್ತು ಅದರ ಸ್ಪರ್ಧಿ ಕಾಗ್ನಿಜೆಂಟ್‌ನ ಅಂಗಸಂಸ್ಥೆ ಟ್ರೈಜೆಟ್ಟೊ ನಡುವೆ ವ್ಯಾಪಾರ ರಹಸ್ಯದ ದಾವೆ 2024ರ ಆಗಸ್ಟ್‌ನಲ್ಲಿ ಡಲ್ಲಾಸ್‌ನಲ್ಲಿ ದಾಖಲಾಯಿತು. ಮರುವರ್ಷದ ಜನವರಿಯಲ್ಲಿ ಇನ್ಫೊಸಿಸ್ ಪ್ರತಿದಾವೆ ಹೂಡಿತು. ಅಮೆರಿಕದ ಮೊಕದ್ದಮೆಗಳ ಲಕ್ಷಾಂತರ ಇ-ಮೇಲ್‌ಗಳನ್ನು ಓದಿ, ಯಾವುದು ಕೊಡಬೇಕು, ಯಾವುದು ಗೌಪ್ಯ ಎಂದು ವಿಂಗಡಿಸುವ ಕೆಲಸವೂ ಬೆಂಗಳೂರಿನ ಕಾನೂನು ಸೇವಾ ಕಚೇರಿಗಳಲ್ಲಿ ನಡೆಯುತ್ತದೆ. ಕಾನೂನು ಪದವಿ ಮುಗಿಸಿದ ನಮ್ಮ ಹುಡುಗ ಹುಡುಗಿಯರು ಪರದೆಯ ಮುಂದೆ ಕೂತು ಒಂದೊಂದು ಕಡತಕ್ಕೂ ಗುರುತು ಹಾಕುತ್ತಾರೆ. ಈ ಪ್ರಶ್ನೆ ಅವರ ದಿನದ ದುಡಿಮೆಯ ಭಾಗ.

ವಿಳಂಬದ ಬೆಲೆಗೆ ಕರ್ನಾಟಕ ಹೈಕೋರ್ಟಿನ ಒಂದು ಪ್ರಕರಣ ನೆನಪಿಗೆ ಬರುತ್ತದೆ. ಇದು ಎರಡು ಕಂಪನಿಗಳ ನಡುವಿನದಲ್ಲ, ದೂರು ಕೊಟ್ಟದ್ದು ದೆಹಲಿಯ ವ್ಯಾಪಾರಿಗಳ ಸಂಘ. ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಭಾರತೀಯ ಸ್ಪರ್ಧಾ ಆಯೋಗ 2020ರ ಜನವರಿ 13ರಂದು ಆದೇಶಿಸಿತು. ಫೆಬ್ರುವರಿಯಲ್ಲಿ ತಡೆಯಾಜ್ಞೆ ಸಿಕ್ಕಿತು. 2021ರ ಜೂನ್ 11ರಂದು ಏಕಸದಸ್ಯ ಪೀಠ, ಜುಲೈ 23ರಂದು ವಿಭಾಗೀಯ ಪೀಠ ಅರ್ಜಿಗಳನ್ನು ವಜಾ ಮಾಡಿದವು. ತಪ್ಪು ಮಾಡಿಲ್ಲವೆಂದರೆ ತನಿಖೆ ಎದುರಿಸಲು ಹಿಂಜರಿಕೆ ಏಕೆ ಎಂಬ ಅರ್ಥದ ಮಾತನ್ನು ವಿಭಾಗೀಯ ಪೀಠ ಹೇಳಿತು. ಆಗಸ್ಟ್ 9ರಂದು ಸುಪ್ರೀಂ ಕೋರ್ಟೂ ತನಿಖೆ ತಡೆಯಲು ಒಪ್ಪಲಿಲ್ಲ. ಹೈಕೋರ್ಟಿಗೆ ಹೋಗುವುದು ಕಂಪನಿಗಳ ಸಂವಿಧಾನಬದ್ಧ ಹಕ್ಕು, ಅದನ್ನು ಕುತಂತ್ರ ಎನ್ನಲಾಗದು. ಆದರೆ ತನಿಖೆ ಶುರುವಾಗುವುದಕ್ಕೇ ಒಂದೂವರೆ ವರ್ಷ ಹಿಡಿಯಿತು. ಜನ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಕೊಳ್ಳಲು ಕಲಿತ ಕೊರೊನಾ ಕಾಲ ಅದೇ.

ನಮ್ಮ ಕಾನೂನು ಕೈಕಟ್ಟಿ ಕೂತಿಲ್ಲ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಡಿ ಸಮನ್ಸ್ ತಲುಪಿ 120 ದಿನ ಮೀರಿದರೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ವ್ಯಾಜ್ಯಕ್ಕೆ ಸಂಬಂಧಿಸಿ ತನ್ನ ಬಳಿ ಇರುವ ದಾಖಲೆಗಳನ್ನು, ತನಗೆ ವಿರುದ್ಧವಾಗಿದ್ದರೂ, ಮುಂದಿಡಬೇಕು. ಹೇಳಿದ್ದು ನಿಜವೆಂದು ಪ್ರಮಾಣ ಮಾಡಬೇಕು. ಕೈಯಲ್ಲಿದ್ದ ಸಾಕ್ಷ್ಯ ಕೊಡದವನ ವಿರುದ್ಧ ಊಹೆ ಮಾಡಬಹುದೆಂಬ ತತ್ವ 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು, ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ. ಇಷ್ಟೆಲ್ಲ ಇದ್ದೂ, ಚಾಟ್ ಅಳಿಸಿದ್ದನ್ನು, ಸರ್ವರ್ ಸಾಗಿಸಿದ್ದನ್ನು ಪತ್ತೆಹಚ್ಚಿ ಸಕಾಲದಲ್ಲಿ ಶಿಕ್ಷಿಸುವ ರೂಢಿಯನ್ನು ನಮ್ಮ ಕೋರ್ಟುಗಳು ಇನ್ನೂ ಬೆಳೆಸಿಕೊಳ್ಳಬೇಕಿದೆ.

ಗೆರೆ ಎಲ್ಲಿ?

ಗಟ್ಟಿಯಾಗಿ ವಾದಿಸುವುದು ತಪ್ಪಲ್ಲ. ಮೇಲ್ಮನವಿ, ಗೌಪ್ಯತೆ, ಬೇರೆ ಕೋರ್ಟಿನ ಅಧಿಕಾರವ್ಯಾಪ್ತಿಯ ತಕರಾರು ಎಲ್ಲವೂ ನ್ಯಾಯದ ಉಪಕರಣಗಳು. ಗೆರೆ ಎಳೆಯಲು ನನಗೆ ಕಾಣುವ ಒರೆಗಲ್ಲು ಒಂದು. ಈ ಹೆಜ್ಜೆ ಕೋರ್ಟಿಗೆ ಸರಿಯಾಗಿ ತೀರ್ಮಾನಿಸಲು ನೆರವಾಗುತ್ತದೆಯೇ, ಅಥವಾ ತೀರ್ಮಾನಿಸದಂತೆ ತಡೆಯುತ್ತದೆಯೇ? ಎಪಿಕ್ ವಿರುದ್ಧ ಆ್ಯಪಲ್ ಮಾಡಿದ ಮೇಲ್ಮನವಿ ಮೊದಲನೆಯದು. ಶುಲ್ಕ ನಿರ್ಧಾರದ ದಿನಾಂಕದ ಬಗ್ಗೆ ಆಡಿದ ಸುಳ್ಳು ಎರಡನೆಯದು.

ಯಾವುದು ಫಲಿಸಿತು ಎಂದು ನೋಡಿದರೆ ಅಲ್ಲೊಂದು ಸೂತ್ರ ಕಾಣುತ್ತದೆ. ನ್ಯಾಯಾಧೀಶರು ಕೋಪದ ಮಾತಾಡಿ ಬಿಟ್ಟಲ್ಲಿ ಏನೂ ಬದಲಾಗಲಿಲ್ಲ. ತಂತ್ರದಿಂದ ಸಿಗಬೇಕಿದ್ದ ಲಾಭವನ್ನು ನೇರವಾಗಿ ಕಿತ್ತುಕೊಂಡಲ್ಲಿ ಬದಲಾಯಿತು. ಚಾಟ್ ಅಳಿಸಿದವರ ವಿರುದ್ಧ ಊಹಿಸಲು ಜ್ಯೂರಿಗೆ ಅನುಮತಿ, ವುಹಾನ್ ದಂಡವನ್ನು ಶಓಮಿಯೇ ತುಂಬಿಕೊಡಬೇಕೆಂಬ ಷರತ್ತು, ಸಾಲು ತೋರಿಸದ ಆರೋಪಗಳನ್ನು ಕಿತ್ತೆಸೆದದ್ದು, ಕಾಲಾವಕಾಶ ನಿರಾಕರಿಸಿ ಗೌಪ್ಯತೆಯ ಪಟ್ಟಿಯನ್ನು ಮತ್ತೆ ತೆರೆಸಿದ್ದು, ಇವೆಲ್ಲ ಒಂದೇ ಜಾತಿಯವು. ಇವು ನುಣುಚಿಕೊಳ್ಳುವುದನ್ನು ದುಬಾರಿಯಾಗಿಸಿದವು. ಇದನ್ನು ಮೊಕದ್ದಮೆಯ ಕೊನೆಯಲ್ಲಿ ಅಲ್ಲ, ಆರಂಭದಲ್ಲೇ ಮಾಡಬೇಕು. ದಾವೆಯ ಮೊದಲ ತಿಂಗಳಲ್ಲೇ ಯಾವ ಸಾಧನದಲ್ಲಿ ಯಾವ ಸಂದೇಶ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಪ್ರಮಾಣಪತ್ರದಲ್ಲಿ ಹೇಳುವಂತಾಗಬೇಕು. ಇಲ್ಲದಿದ್ದರೆ ಇದರ ಹೊರೆ ಬೀಳುವುದು ದೊಡ್ಡ ಕಂಪನಿಗಳ ಮೇಲಲ್ಲ. ಹತ್ತು ವರ್ಷ ವಕೀಲರಿಗೆ ಹಣ ಕೊಡಲಾಗದ ಸಣ್ಣ ಕಂಪನಿ, ಹೆಚ್ಚಿನ ಬೆಲೆ ತೆರುವ ಗ್ರಾಹಕ, ಕೋರ್ಟಿನಲ್ಲಿ ಆಡಿದ ಪ್ರಮಾಣಕ್ಕೆ ಬೆಲೆಯಿದೆ ಎಂದು ನಂಬಿರುವ ನಾವೆಲ್ಲ ಅದನ್ನು ಹೊರುತ್ತೇವೆ.

ಮತ್ತೆ ಸ್ಯಾನ್ ಡಿಯಾಗೊಗೆ ಬರುತ್ತೇನೆ. ಆ ಪಾಟೀಸವಾಲಿಗೆ ಹತ್ತು ದಿನ ಮುಂಚೆ, ಜನವರಿ 14ರಂದು, ಅದೇ ಸಾಕ್ಷಿಯನ್ನು ಸಿದ್ಧಪಡಿಸುತ್ತಿದ್ದ ಕ್ವಾಲ್‌ಕಾಮ್ ಪರ ವಕೀಲರಿಗೆ ಆಕೆಯ ಕಂಪ್ಯೂಟರಿನಲ್ಲಿ ಒಂದು ಇ-ಮೇಲ್ ಕಂಡಿತ್ತು. ಸಮಿತಿಗೆ ಸಂಬಂಧಿಸಿದ ಆ ಗುಂಪಿಗೆ ಸ್ವಾಗತ ಎಂದು 2002ರ ಆಗಸ್ಟ್‌ನಲ್ಲಿ ಬಂದಿದ್ದ ಪತ್ರ. ಹುಡುಕಿದಾಗ ಸಿಕ್ಕವು 21. ಅವನ್ನು ಎದುರಾಳಿಗೆ ಕೊಡಬೇಕಿಲ್ಲ ಎಂದು ವಕೀಲರ ತಂಡ ತೀರ್ಮಾನಿಸಿತು. ನಾಲ್ಕು ದಿನಗಳ ನಂತರ ನ್ಯಾಯಾಧೀಶರ ಮುಂದೆ, ಆ ಗುಂಪಿಗೆ ಇ-ಮೇಲ್ ಹೋಗಿತ್ತೆಂಬುದಕ್ಕೆ ಪುರಾವೆಯೇ ಇಲ್ಲ ಎಂದು ವಾದವೂ ಆಯಿತು. ಆರು ವಕೀಲರ ಹೆಸರು ವಕೀಲರ ಪರಿಷತ್ತಿಗೆ ಹೋಯಿತು. 2010ರಲ್ಲಿ, ದುರುದ್ದೇಶ ಸಾಬೀತಾಗಿಲ್ಲ, ಕಕ್ಷಿದಾರ ಮತ್ತು ವಕೀಲರ ನಡುವೆ ಮಾಹಿತಿಯೇ ಸರಿಯಾಗಿ ಹರಿದಿರಲಿಲ್ಲ ಎಂದು ಕೋರ್ಟು ಅವರ ಮೇಲಿನ ಶಿಸ್ತುಕ್ರಮವನ್ನು ಕೈಬಿಟ್ಟಿತು.

ಕಾನೂನು, ನಿಯಮ, ದಂಡ ಎಲ್ಲವೂ ಕಡೆಗೆ ತಲುಪಬೇಕಾದದ್ದು ಆ ಜನವರಿ 14ರಂಥ ಗಳಿಗೆಯನ್ನು. ತೆರೆಯ ಮೇಲೆ ಒಂದು ಪತ್ರ ತೆರೆದಿದೆ. ಅದು ತನ್ನ ಕಕ್ಷಿದಾರನಿಗೆ ವಿರುದ್ಧವಾಗಿದೆ. ಸ್ಯಾನ್ ಡಿಯಾಗೊದಲ್ಲಾಗಲಿ, ಬೆಂಗಳೂರಿನ ಕಚೇರಿಯೊಂದರಲ್ಲಾಗಲಿ, ಅದನ್ನು ನೋಡುತ್ತಿರುವ ವ್ಯಕ್ತಿ ಕೊಡು ಎಂಬ ಪಟ್ಟಿಗೆ ಸೇರಿಸಿದರೆ ತನ್ನ ಕೆಲಸಕ್ಕೆ ಕುತ್ತಿಲ್ಲ, ಮುಚ್ಚಿಟ್ಟರೆ ಕಂಪನಿಗೆ ಲಾಭವಿಲ್ಲ ಎಂಬ ಸ್ಥಿತಿಯನ್ನು ಕೋರ್ಟುಗಳು ತರಬಲ್ಲವು. ಅದನ್ನು ತರಬೇಕೆಂದು ಕೇಳುವುದು ನಮ್ಮ ಹಕ್ಕು.